ಹಪ್ಪಳದ ಬಯಲಿನ ಬಿಸಿಲು

ನಮ್ಮ ಊರಿನಲ್ಲಿ ಶಾಸಕನಾದವನು ಇಂಥದ್ದನ್ನು ಕಟ್ಟಿಸಿಕೊಡುತ್ತೇನೆ ಎಂದು ಜನಕ್ಕೆ ಮಾತು ಕೊಟ್ಟರೆ, ಆ ಕ್ಷಣಕ್ಕೇ ಅದರ ನೆರಳು ನೆಲಕ್ಕೆ ಬೀಳುತ್ತದೆ. ಆಸ್ಪತ್ರೆ ಎಂದರೆ ಆಸ್ಪತ್ರೆಯ ನೆರಳು, ಸೇತುವೆ ಎಂದರೆ ಸೇತುವೆಯ ನೆರಳು. ಮುಂದೆ ಆ ಆಸ್ಪತ್ರೆ ನಿಜವಾಗಿ ಎದ್ದು ನಿಂತರೆ ನೆರಳು ಅದರ ಕಾಲಿಗೆ ಅಂಟಿಕೊಂಡು, ಲೋಕದ ಎಲ್ಲ ನೆರಳುಗಳ ಹಾಗೆ, ಹೊತ್ತು ಏರಿದಂತೆ ಇಳಿದಂತೆ ತಿರುಗುತ್ತದೆ. ಏಳದಿದ್ದರೆ ಬಿದ್ದಲ್ಲೇ ಬಿದ್ದಿರುತ್ತದೆ. ಸೂರ್ಯ ನೆತ್ತಿಯ ಮೇಲೆ ಬಂದು ನಿಂತರೂ ಮಿಸುಕುವುದಿಲ್ಲ. ಬೇರೆಯವರ ಮಾತಿಗೆ ಹೀಗಾಗುವುದಿಲ್ಲ. ಹೆಂಡತಿಗೆ ಬುಗುಡಿ ಮಾಡಿಸುತ್ತೇನೆಂದು ಗಂಡ ಜೀವಮಾನವಿಡೀ ಹೇಳಿದರೂ ಅವಳ ಕಿವಿಯ ಮೇಲೆ ಯಾವ ನೆರಳೂ ಬೀಳುವುದಿಲ್ಲ. ನಾವು ಬೆರಳಿಗೆ ಮಸಿ ಹಚ್ಚಿಸಿಕೊಂಡು ಕಳಿಸಿದವನ ಬಾಯಿಗೆ ಮಾತ್ರ ಈ ಗುಣ.

ನಾನು ನೀಲಗಂಗವ್ವ. ಉದ್ದಿನ ಹಪ್ಪಳ ಮಾಡಿ ಹೊಟ್ಟೆ ಹೊರೆಯುವವಳು. ಬೆಳಿಗ್ಗೆ ಎದ್ದು ಶಿವಪೂಜೆ, ಸಂಜೆ ಮಠದಲ್ಲಿ ಭಜನೆ, ನಡುವೆ ಲಟ್ಟಣಿಗೆ. ದನಿ ಕೊಟ್ಟವನು ಶಿವ, ಅದನ್ನು ಬಿಟ್ಟಿ ದುಡಿಸಿದವರು ಊರವರು. ಮದುವೆಯಿರಲಿ, ಸೊಸೈಟಿ ಸಭೆಯಿರಲಿ, ಶಾಸಕರ ಕಾರ್ಯಕ್ರಮವಿರಲಿ, ಮೊದಲ ಪ್ರಾರ್ಥನೆ ನನ್ನದೇ. ಸಿಟ್ಟು ನನ್ನ ಹುಟ್ಟುಗುಣವಲ್ಲ. ಹಾಲು ಉಕ್ಕಿ ಒಲೆಗೆ ಬಿದ್ದರೂ ಅಗ್ನಿದೇವನಿಗೆ ಹಸಿವಾಗಿತ್ತು ಅಂದುಕೊಳ್ಳುವ ಪೈಕಿ ನಾನು. ಆದರೆ ಇದನ್ನು ಹೇಳುವಾಗ ನನ್ನ ಎದೆಯಲ್ಲಿ ಸಿಟ್ಟಿದೆ, ಅದನ್ನು ಆರಿಸಿಕೊಂಡು ಹೇಳಬೇಕು ಎಂದು ನನಗೆ ಅನ್ನಿಸುತ್ತಿಲ್ಲ. ದೇವರ ಮುಂದಿನ ದೀಪವೂ ಬೆಂಕಿಯೇ ತಾನೆ.

ನಮ್ಮ ಶಾಸಕ ಅಡಿವೆಪ್ಪನ ಕತೆಯನ್ನು ನ್ಯಾಯವಾಗಿ ಹೇಳಬೇಕು. ಅವನಿಗೆ ಬಸ್ಸು ನಿಲ್ಲುವ ಕಡೆ ಒಂದು ಸೈಕಲ್ ರಿಪೇರಿ ಅಂಗಡಿ ಇತ್ತು. ಹೊಳೆ ಊರೊಳಗೆ ನುಗ್ಗಿದ ವರ್ಷ, ಸರ್ಕಾರದ ದೋಣಿಗಾಗಿ ಎಲ್ಲರೂ ಕಾಯುತ್ತ ಕುಳಿತಾಗ, ಅವನು ಲಾರಿ ಟ್ಯೂಬುಗಳಿಗೆ ಗಾಳಿ ತುಂಬಿ, ಹಗ್ಗ ಕಟ್ಟಿ, ಆಚೆ ದಂಡೆಯ ಜನರನ್ನು ಒಬ್ಬೊಬ್ಬರನ್ನಾಗಿ ಈಚೆಗೆ ತಂದ. ನೀರು ಇಳಿದ ಮೇಲೆ ಊರವರು ಅವನನ್ನು ಹೆಗಲ ಮೇಲೆ ಹೊತ್ತು ತಿರುಗಿದರು. ಹಾಗೇ ಹೊತ್ತುಕೊಂಡು ಹೋಗಿ ವಿಧಾನಸಭೆಯಲ್ಲಿ ಇಳಿಸಿದರು. ಗೆದ್ದು ಬಂದವನು ಮಠದ ಕಟ್ಟೆಯ ಮೇಲೆ ನಿಂತು, ತೊದಲುತ್ತ, ಹೆಣ್ಣುಮಕ್ಕಳಿಗೆ ಒಂದು ಶಾಲೆ ಕಟ್ಟಿಸುತ್ತೇನೆ ಎಂದ. ಅವನ ಕಾಲ ಬುಡದಿಂದ ನೆರಳು ಹರಿದು ಹೋಗಿ ಪೇಟೆಯ ತುದಿಯ ಕಲ್ಲುಹಾಸಿನ ಮೇಲೆ ಮಲಗಿತು. ಮುಂದಿನ ಮಳೆಗಾಲದೊಳಗೆ ಶಾಲೆ ಎದ್ದಿತು. ನೆರಳು ತಿರುಗಿದ ದಿನ ನಾವೆಲ್ಲ ನೋಡಲು ಹೋಗಿದ್ದೆವು. ಮುದುಕಿಯರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಡಿವೆಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ಅತ್ತ. ಅದು ಸುಳ್ಳು ಅಳುವಾಗಿರಲಿಲ್ಲ.

ಎರಡನೆಯ ಸಲ ಗೆದ್ದಾಗ ಆಸ್ಪತ್ರೆ ಎಂದ. ಮೂರು ಅಂತಸ್ತಿನ ನೆರಳು ಸಂತೆಪೇಟೆಯ ಮೇಲೆ ಬಿತ್ತು. ಕಲ್ಲು ಸಿಡಿಯುವಂಥ ಬೇಸಿಗೆ ಅದು. ತರಕಾರಿ ಮಾರುವವರು ಹೋಗಿ ಆ ನೆರಳಿನಲ್ಲಿ ಕುಳಿತರು, ದನಗಳು ಬಂದು ಮಲಗಿದವು. ಆಸ್ಪತ್ರೆಯ ಒಂದು ಇಟ್ಟಿಗೆಯೂ ಏಳಲಿಲ್ಲ. ಆದರೆ ಜನ ಬೈಯಲಿಲ್ಲ. “ಏನಾರ ಅನ್ರಿ, ತಂಪು ಮಾಡ್ಯಾನ,” ಅಂದರು. ಆಗ ಅಡಿವೆಪ್ಪನಿಗೆ ಒಂದು ವಿಷಯ ತಿಳಿದುಹೋಯಿತು. ಚಪ್ಪಾಳೆ ಬೀಳುವುದು ನೆರಳು ಬೀಳುವಾಗ, ಕಟ್ಟಡ ಏಳುವಾಗ ಅಲ್ಲ. ತಿಳಿದ ಮೇಲೆ ಅವನು ತಡ ಮಾಡಲಿಲ್ಲ. ಬಸ್ ನಿಲ್ದಾಣ ಎಂದ, ಕಾಲೇಜು ಎಂದ, ಕ್ರೀಡಾಂಗಣ ಎಂದ. ಪಕ್ಷ ಬದಲಾಯಿಸಿದ. ಬದಲಾಯಿಸಿದ ಖುಷಿಗೆ ಹಳೆಯ ಆಸ್ಪತ್ರೆಯ ಪಕ್ಕದಲ್ಲಿ ಹೊಸ ಆಸ್ಪತ್ರೆ ಎಂದ. ಕೆಲವು ತಿಂಗಳು ಮಂತ್ರಿಯಾದ. ಆ ತಿಂಗಳುಗಳಲ್ಲಿ ಪಾಪ, ಉಸಿರು ತೆಗೆದುಕೊಳ್ಳಲೂ ಪುರಸೊತ್ತಿಲ್ಲದ ಹಾಗೆ ಮಾತು ಕೊಟ್ಟ. ಪ್ರತಿ ಸಲ ಮೊದಲು ನಾನು ಹಾಡುತ್ತಿದ್ದೆ, ಆಮೇಲೆ ಅವನು ಮೈಕಿನ ಮುಂದೆ ಬರುತ್ತಿದ್ದ, ಆಮೇಲೆ ಊರಿನ ಒಂದು ಓಣಿ ಕತ್ತಲಾಗುತ್ತಿತ್ತು.

ನೆರಳುಗಳು ಒಂದರ ಮೇಲೊಂದು ಬಿದ್ದರೆ ತಂಪು ಹೆಚ್ಚುವುದಿಲ್ಲ, ಮಂಕು ಹೆಚ್ಚುತ್ತದೆ. ಆದರೂ ನಾವು ಹೊಂದಿಕೊಂಡೆವು. ಹೊಂದಿಕೊಳ್ಳುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಬಸ್ಸು ಈಗ ನಿಲ್ದಾಣದ ನೆರಳಿನಲ್ಲೇ ಬಂದು ನಿಲ್ಲುತ್ತದೆ, ಕಂಡಕ್ಟರ್ ನೆರಳಿನ ಗೇಟಿನಿಂದಲೇ ಜನರನ್ನು ಹತ್ತಿಸಿಕೊಳ್ಳುತ್ತಾನೆ. ಆಸ್ಪತ್ರೆಯ ನೆರಳಿಗೆ ಕಿಟಕಿಗಳಿದ್ದವು, ಕಿಟಕಿಯಷ್ಟಗಲ ಬಿಸಿಲು ಒಳಗೆ ಬೀಳುತ್ತಿತ್ತು. ಸಂತೆಪೇಟೆಯ ಹೆಂಗಸರು ಆ ಚೌಕಗಳನ್ನು ಹಂಚಿಕೊಂಡು, ಒಬ್ಬಳು ಮೆಣಸಿನಕಾಯಿ, ಒಬ್ಬಳು ಕೂಸಿನ ಬಟ್ಟೆ ಒಣಗಿಸುತ್ತಿದ್ದರು. “ನನ್ನ ಕಿಟಕ್ಯಾಗ ಯಾರಬೇ ಲಂಗಾ ಹಾಕಿದವರು?” ಎಂಬ ಜಗಳ ದಿನವೂ ಕೇಳುತ್ತಿತ್ತು. ಹೊಸ ಆಸ್ಪತ್ರೆಯ ನೆರಳು ಬಿದ್ದ ಮೇಲೆ ಆ ಕಿಟಕಿಗಳೂ ಮುಚ್ಚಿದವು. ಹೆಣ್ಣು ಕೊಡುವವರು ಗಂಡಿನ ಮನೆಗೆ ಬಂದು ಮೊದಲು ಅಂಗಳ ನೋಡತೊಡಗಿದರು: “ಹುಡುಗ ಹೆಂಗರ ಇರವಲ್ಲನ್ಯಾಕ, ಬಿಸಿಲು ಎಷ್ಟೊತ್ತು ಇರತೈತಿ ಹೇಳ್ರಿ.” ಮಧ್ಯಾಹ್ನ ಕೋಳಿಗಳು ಹೊತ್ತು ಮುಳುಗಿತೆಂದು ಗೂಡು ಸೇರಿದವು. ಕೌದಿಗಳಿಗೆ ಬೂಸಲು ಹಿಡಿಯಿತು. ಗೋಡೆಗಳು ಬೆವರಿದವು. ಬೇವಿನ ಮರಗಳು ಬಿಸಿಲನ್ನು ಹುಡುಕುತ್ತ ಅಡ್ಡಡ್ಡ ಬಾಗಿ, ಕೊನೆಗೆ ಹುಡುಕುವುದನ್ನು ಬಿಟ್ಟು ಒಣಗಿದವು. ಇಷ್ಟನ್ನೂ ಸಹಿಸಬಹುದಿತ್ತು. ಆಮೇಲೆ ನಮ್ಮ ಕೂಸುಗಳ ಕಾಲು ಬಾಗತೊಡಗಿದವು.

ನನ್ನ ಪಕ್ಕದ ಮನೆಯ ರೇಣವ್ವನ ಮಗಳು ತಾಯಿ ಹೆಸರು ಹಿಡಿದು ಕರೆಯುವಷ್ಟು ದೊಡ್ಡದಾದರೂ ಎದ್ದು ನಿಲ್ಲಲಿಲ್ಲ. ನಿಲ್ಲಿಸಿದರೆ ಕಾಲು ಬಿಲ್ಲಿನ ಹಾಗೆ ಹೊರಗೆ ಬಾಗುತ್ತಿದ್ದವು. ರೇಣವ್ವ ಅದನ್ನು ಕಟ್ಟಿಕೊಂಡು ಬೇರೆ ಊರಿನ ಡಾಕ್ಟರರಲ್ಲಿಗೆ ಹೋದಳು. ಅವರು ಎಲುಬು ಮೆತ್ತಗಾಗಿವೆ ಎಂದು ಹನಿ ಔಷಧ ಕೊಟ್ಟು, “ದಿನಾ ಬಿಸಿಲಿಗೆ ಬಿಡಿ,” ಅಂದರಂತೆ. “ಎಲ್ಲಿಂದ ತರ್ಲೆ ದೊಡ್ಡವ್ವಾ ಬಿಸಿಲು?” ಎಂದು ನನ್ನ ಹೊಸ್ತಿಲಿನ ಮೇಲೆ ಕುಳಿತು ಕೇಳಿದಳು. ಔಷಧಿ ಅಂಗಡಿಯಲ್ಲಿ ಸಿಗದ ವಸ್ತುವನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದವಳ ಮುಖ ಅದು.

ಬಿಸಿಲು ಉಳಿದಿದ್ದದ್ದು ಒಂದೇ ಕಡೆ, ನಮ್ಮ ಹಪ್ಪಳದ ಬಯಲಿನಲ್ಲಿ. ಮಠದ ಹಿಂದಿನ ಆ ಬಂಡೆಗಲ್ಲಿನ ಹರವಿನ ಮೇಲೆ ಏನನ್ನೂ ಕಟ್ಟಿಸುತ್ತೇನೆನ್ನುವ ಆಸೆ ಯಾರಿಗೂ ಹುಟ್ಟಿರಲಿಲ್ಲ. ಅಲ್ಲಿ ನಾವು ಸೀರೆ ಹಾಸಿ ಹಪ್ಪಳ ಹರವುತ್ತಿದ್ದೆವು. ಹಸೀನಾಬಿ ಹಗ್ಗದ ಹೊರಸುಗಳ ಮೇಲೆ ಶಾವಿಗೆ ಇಳಿಬಿಡುತ್ತಿದ್ದಳು. ಊರೆಲ್ಲ ಕತ್ತಲಾದ ಮೇಲೆ ಊರೆಲ್ಲ ಅಲ್ಲಿಗೇ ಬಂತು. ಮೊಣಕಾಲು ಹಿಡಿದುಕೊಂಡ ಮುದುಕರು, ಕೂದಲು ಒಣಗಿಸುವ ಬಾಣಂತಿಯರು, ಬೂಸಲು ಹಿಡಿದ ಕೌದಿಗಳು, ಬಾಗಿದ ಕಾಲಿನ ಕೂಸುಗಳು. “ಸರಕೊಳ್ರೋ ಮುದುಕಪ್ಪಗೋಳಾ, ನೀವು ಒಣಗೂದು ಇನ್ನ ಬಾಕಿ ಏನೈತಿ, ನನ್ನ ಶ್ಯಾವಿಗಿ ಒಣಗಲಿ,” ಎಂದು ಹಸೀನಾಬಿ ಕೂಗುತ್ತಿದ್ದಳು. ರೇಣವ್ವನ ಮಗಳನ್ನು ದಿನವೂ ಎಣ್ಣೆ ಹಚ್ಚಿ ಪಡುವಣದ ಅಂಚಿನಲ್ಲಿ ಬಿಡುತ್ತಿದ್ದೆವು. ಒಂದು ಬೆಳಿಗ್ಗೆ ಅದು ಹೊರಸಿನ ಕಾಲು ಹಿಡಿದು ಎದ್ದು ನಿಂತಿತು. ನಿಂತು ಶಾವಿಗೆ ಎಳೆದು ಬಾಯಿಗೆ ಹಾಕಿಕೊಂಡಿತು. ಹಸೀನಾಬಿ ಬೈಯಲು ಬಾಯಿ ತೆಗೆದವಳು ಅಳತೊಡಗಿದಳು.

ಅದೇ ವಾರ ಕಲ್ಮೇಶ ಬಂದ. ಅಡಿವೆಪ್ಪನ ಬೆನ್ನಿಗೇ ಇರುವ ಮನುಷ್ಯ ಅವನು. ಸಾಹೇಬರಿಗೆ ಬಾಯಾರಿದರೆ ಇವನಿಗೆ ಕೆಮ್ಮು ಬರುತ್ತದೆ. ಟೇಪು ಹಿಡಿದು ನಮ್ಮ ಹಪ್ಪಳಗಳ ನಡುವೆ ಚಪ್ಪಲಿ ಕಾಲಲ್ಲೇ ಅಡ್ಡಾಡಿದ.

“ಏನ ತಮ್ಮಾ, ಹಪ್ಪಳ ಅಳೀಲಿಕ್ಕೆ ಬಂದಿ?” ಅಂದೆ.

“ಪೆಂಡಾಲ್ ಅವ್ವಾರ! ಸಾಹೇಬ್ರ ಸಾರ್ವಜನಿಕ ಸೇವಾಕ್ಕ ಇಪ್ಪತ್ತೈದು ವರ್ಷ ಆತು. ಸೋಮವಾರ ಸನ್ಮಾನ. ಅಭಿನಂದನಾ ಗ್ರಂಥ, ಬೆಳ್ಳಿ ಕಿರೀಟ, ಎಲ್ಲಾ ಐತಿ. ಪ್ರಾರ್ಥನಾ ನಿಮ್ದ ಮತ್ತ, ಮರೀಬ್ಯಾಡ್ರಿ.”

“ಇಲ್ಲೇ ಯಾಕ? ಕ್ರೀಡಾಂಗಣದ ನೆರಳೈತೆಲ್ಲ, ತಂಪಿರತೈತಿ,” ಅಂದಳು ಹಸೀನಾಬಿ.

ಕಲ್ಮೇಶ ದನಿ ತಗ್ಗಿಸಿ, ನಮಗೆ ಒಳ್ಳೆಯ ಸುದ್ದಿ ಕೊಡುವವನ ಹಾಗೆ ಹೇಳಿದ: “ಇಲ್ಲೇ ಘೋಷಣಾ ಐತ್ರಿ. ಆಡಳಿತ ಸೌಧ. ಆರು ಅಂತಸ್ತು, ಮ್ಯಾಲೆ ಗುಮ್ಮಟ. ಇಡೀ ಬಯಲಿಗೆ ಒಂದ ಕಟ್ಟಡ. ಮಧ್ಯಾಹ್ನಕ್ಕ ಸಾಹೇಬ್ರು ರಾಜಧಾನಿಗೆ ಹೊಂಡಬೇಕು, ಈ ಸಲ ಮಂತ್ರಿ ಪಟ್ಟ್ಯಾಗ ಹೆಸರು ಪಕ್ಕಾ. ಹೋಗೂದ್ರೊಳಗ ನಿಮಗೊಂದು ಕೊಟ್ಟ ಹೋಗ್ತಾರ.”

ರೇಣವ್ವ ಮಗಳನ್ನು ಎತ್ತಿ ಸೊಂಟಕ್ಕೆ ಏರಿಸಿಕೊಂಡಳು, ಆಗಲೇ ಯಾರೋ ಕಸಿದುಕೊಳ್ಳಲು ಬಂದ ಹಾಗೆ.

ಮರುದಿನ ನಾವು ಅಡಿವೆಪ್ಪನ ಮನೆಗೆ ಹೋದೆವು. ಮನೆ ಊರಾಚೆ, ದಿಬ್ಬದ ಆ ಕಡೆ. ದಿಬ್ಬ ಇಳಿಯುತ್ತಿದ್ದ ಹಾಗೆ ಬಿಸಿಲು ಮುಖಕ್ಕೆ ಬಡಿಯಿತು. ಕಣ್ಣಿಗೆ ಕೈ ಅಡ್ಡ ಹಿಡಿಯಬೇಕಾಯಿತು. ಅವನ ಅಂಗಳದ ತುಂಬ ದ್ರಾಕ್ಷಿ ಒಣಗುತ್ತಿತ್ತು, ಮಹಡಿಯ ಮೇಲೂ ದ್ರಾಕ್ಷಿ. ಆ ದಿಬ್ಬದ ಆಚೆ ಅವನು ಒಂದೇ ಒಂದು ದಿನವೂ, ಒಂದು ದನದ ಕೊಟ್ಟಿಗೆಯನ್ನೂ ಯಾರಿಗೂ ಕಟ್ಟಿಸಿಕೊಡುತ್ತೇನೆಂದು ಹೇಳಿದವನಲ್ಲ. ಅದು ನನಗೆ ಅವತ್ತು, ಆ ಬಿಸಿಲಿನಲ್ಲಿ ನಿಂತಾಗ ಹೊಳೆಯಿತು.

ಅಡಿವೆಪ್ಪ ತೂಗುಮಂಚದ ಮೇಲಿಂದ ಎದ್ದು ಬಂದ. ವಯಸ್ಸಾದಂತೆ ಮೈ ತುಂಬಿಕೊಂಡಿದೆ, ಹಣೆಯ ತುಂಬ ವಿಭೂತಿ. “ಬರ್ರಿ ನೀಲಕ್ಕ, ಬರ್ರಿ ತಾಯಂದಿರಾ. ಚಾ ತರ್ರೋ. ಏನ್ ಬೇಕು ಹೇಳ್ರಿ.”

“ಏನೂ ಬ್ಯಾಡ್ರಿ ಸಾಹೇಬ್ರ.”

ಅವನು ನಕ್ಕ. “ಏನೂ ಬ್ಯಾಡ ಅಂದವರಿಗೆ ಭಾಳ ಬೇಕಾಗಿರತೈತಿ. ಇಪ್ಪತ್ತೈದು ವರ್ಷ ಜನರ ಮಾರಿ ನೋಡೀನಿ, ನನಗ ಗೊತ್ತಾಗೂದಿಲ್ಲೇನು? ನಾಚಬ್ಯಾಡ್ರಿ.”

“ಖರೇನ ಏನೂ ಬ್ಯಾಡ. ಹಪ್ಪಳದ ಬಯಲಿನ್ಯಾಗ ನೀವು ಏನೂ ಕೊಡಬ್ಯಾಡ್ರಿ ಅಂತ ಕೇಳಾಕ ಬಂದೀವಿ. ಸನ್ಮಾನ ಮಾಡಿಸ್ಕೊಳ್ರಿ, ಕಿರೀಟ ಇಟ್ಕೊಳ್ರಿ, ಬೇಕಾದ್ರ ನಾನ ಆರತಿ ಎತ್ತತೀನಿ. ಮಾತೊಂದ ಕೊಡಬ್ಯಾಡ್ರಿ,” ಅಂದೆ.

ರೇಣವ್ವ ಮಗಳ ಲಂಗ ಸರಿಸಿ ಕಾಲು ತೋರಿಸಿದಳು. “ಬಿಸಿಲಿಗೆ ಬಿಟ್ಟ ಮ್ಯಾಲ ಈಗ ನಿಲ್ಲಾಕತ್ತೈತ್ರಿ ಸಾಹೇಬ್ರ. ಇದೊಂದು ಜಾಗಾ ಬಿಟ್ಟಬಿಡ್ರಿ.”

ಅಡಿವೆಪ್ಪ ಕೂಸಿನ ಕಾಲು ನೋಡಿದ. ಹೆಬ್ಬೆರಳಿನಿಂದ ಮೆಲ್ಲಗೆ ಸವರಿದ. ಒಂದು ಗಳಿಗೆ ಲಾರಿ ಟ್ಯೂಬಿನ ಮೇಲೆ ಮುದುಕಿಯರನ್ನು ಕೂರಿಸಿಕೊಂಡು ಬಂದವನ ಮುಖ ಅಲ್ಲಿ ಬಂದು ಹೋಯಿತು. ನಾನು ಮನಸ್ಸಿನಲ್ಲೇ ಶಿವಾ ಅಂದೆ. ಅವನು ಕಣ್ಣು ಒರೆಸಿಕೊಂಡು ತಲೆಯೆತ್ತಿದ. “ಅಯ್ಯ ಪಾಪ! ನನಗ ಯಾರೂ ಹೇಳಿದ್ದಿಲ್ಲ ನೋಡ್ರಿ. ಅಳಬ್ಯಾಡ ತಂಗಿ, ನಾ ಅದೀನಿ. ಹಪ್ಪಳಕ್ಕ ಬಿಸಿಲ ಯಾಕ ಬೇಕು? ಅದ ಬಯಲಿನ್ಯಾಗ, ಪಡುವಣದ ಕಡೆ, ನಿಮಗೊಂದು ಹಪ್ಪಳ ಒಣಸೋ ಕಾರ್ಖಾನಿ—”

“ಬ್ಯಾಡ್ರಿ!” ಎಂದು ನಾವೆಲ್ಲ ಒಟ್ಟಿಗೇ ಚೀರಿದೆವು. ಹಸೀನಾಬಿ ಅವನ ಕಾಲು ಹಿಡಿಯಲು ಬಾಗಿದಳು. ಅವನು ಅದನ್ನು ಕೃತಜ್ಞತೆ ಎಂದುಕೊಂಡ. “ಏಳ್ರಿ ತಾಯಿ, ಇದು ನನ್ನ ಕರ್ತವ್ಯ. ಕಾರ್ಖಾನಿ ಕಟ್ಟಿಸಿಕೊಡ್ತೀನಿ. ಎರಡು ಚಿಮಣಿ ಇರೂವಂಥಾದ್ದು.”

ನಾವು ಓಡುತ್ತ ದಿಬ್ಬ ಹತ್ತಿದೆವು. ಮೇಲಿಂದಲೇ ಕಂಡಿತು. ಬಯಲಿನ ಪಡುವಣದ ಅರ್ಧ ಕಪ್ಪಾಗಿತ್ತು. ಉದ್ದನೆಯ ಷೆಡ್ಡಿನ ನೆರಳು, ಅದರ ತುದಿಗೆ ಎರಡು ಚಿಮಣಿಗಳು. ರೇಣವ್ವನ ಮಗಳು ಎದ್ದು ನಿಂತ ಹೊರಸು ಆ ಕಪ್ಪಿನೊಳಗೆ ನಿಂತಿತ್ತು. ಬೆಳಿಗ್ಗೆ ಹರವಿ ಹೋಗಿದ್ದ ಹಪ್ಪಳಗಳ ಅಂಚು ಸಂಜೆಯೊಳಗೆ ಮೆತ್ತಗಾದವು.

ನಮ್ಮಜ್ಜಿ ಒಂದು ಕತೆ ಹೇಳುತ್ತಿದ್ದಳು. ದೊರೆಯೊಬ್ಬ ಸಂತೋಷಪಟ್ಟು ಒಬ್ಬ ಬಡ ನೇಕಾರನಿಗೆ ಆನೆ ದಾನ ಕೊಟ್ಟನಂತೆ. ಆನೆ ಅವನ ಚಪ್ಪರ ತಿಂದಿತು, ಮಗ್ಗದ ಮರ ಮುರಿಯಿತು, ಬಾವಿಯ ನೀರು ಕುಡಿದು ಮುಗಿಸಿತು. ನೇಕಾರ ಹೋಗಿ ದೊರೆಯ ಮುಂದೆ ಅಡ್ಡಬಿದ್ದು, ಅಪ್ಪಾ, ಆನೆ ತಿರುಗಿ ತಗೋ ಎಂದ. ದೊರೆಗೆ ಕರುಳು ಚುರ್ರೆಂದಿತು. ಒಂಟಿಯಾಗಿ ಆನೆಗೂ ಬೇಸರ, ನಿನಗೂ ಬೇಸರ ಎಂದು ಇನ್ನೊಂದು ಆನೆ ಕೊಟ್ಟು ಕಳಿಸಿದ. ಸಣ್ಣವರಿದ್ದಾಗ ಈ ಕತೆಗೆ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಈಗ ಯೋಚಿಸಿದರೆ ಅಜ್ಜಿ ನಗದೆ ಹೇಳುತ್ತಿದ್ದಳು. ದುಷ್ಟನಾದರೆ ಅವನಿಗೆ ಎದುರು ನಿಲ್ಲಬಹುದು. ಕಣ್ಣೀರು ಒರೆಸಿಕೊಳ್ಳುತ್ತ, ಕೂಸಿನ ಕಾಲು ಸವರುತ್ತ, ನಮ್ಮ ಮೈಮೇಲಿನ ಬಿಸಿಲನ್ನೇ ಕಿತ್ತು ನಮಗೇ ದಾನ ಕೊಡುವವನ ಎದುರು ಹೇಗೆ ನಿಲ್ಲುವುದು? ಮರುದಿನ ಬೆಳಿಗ್ಗೆ ಪೂಜೆಗೆ ಕುಳಿತವಳು ಬಿಲ್ವಪತ್ರೆಯನ್ನು ಕೈಯಲ್ಲೇ ಹಿಡಿದುಕೊಂಡು ಕುಳಿತುಬಿಟ್ಟೆ. ಬಿಸಿಲು ಯಾರ ಮನೆಯದು? ಸೊಸೈಟಿಯಲ್ಲಿ ಅಳೆದು ಹಾಕುವುದೇ? ಬಡವನ ಅಂಗಳಕ್ಕೆ ಇಷ್ಟು, ಧಣಿಯ ಅಂಗಳಕ್ಕೆ ಇಷ್ಟು ಎಂದು ಎಣಿಸದೆ ಆ ಪರಮಾತ್ಮ ಸುರಿದದ್ದು. ಅದಕ್ಕೆ ಅಡ್ಡ ನಿಂತು ಕಿರೀಟ ಇಡಿಸಿಕೊಳ್ಳಲು ಬರುತ್ತಿದ್ದಾನೆ, ಅವನಿಗಾಗಿ ನಾನು ದೇವರನ್ನು ಹಾಡಿ ಕರೆಯಬೇಕು.

“ನಾ ಹೋಗೂದಿಲ್ಲ ಹಾಡಾಕ,” ಎಂದು ಹಸೀನಾಬಿಗೆ ಹೇಳಿದೆ.

ಅವಳು ಮೆತ್ತಗಾದ ಶಾವಿಗೆಯನ್ನು ಬಿಡಿಸುತ್ತ ಕುಳಿತಿದ್ದಳು. “ನೀ ಹೋಗದಿದ್ರ ಹಾಡಿನ ಟೇಪ್ ಹಚ್ಚತಾರ. ಟೇಪು ಎರಡ ಮಿನಿಟಿಗೆ ಮುಗೀತೈತಿ,” ಅಂದಳು. ಒಂದು ಎಳೆ ಬಿಡಿಸಿಟ್ಟು ಕೇಳಿದಳು, “ಅಲ್ಲಕ್ಕಾ, ಆ ಮನಷ್ಯಾ ಇಪ್ಪತ್ತೈದು ವರ್ಷದಾಗ ಸುಮ್ಮ ನಿಂತದ್ದು ಯಾವಾಗ ನೋಡೀದಿ ನೀ?”

“ನಾ ಹಾಡೂವಾಗ,” ಅಂದೆ. ಅಂದ ಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ದೇವರ ಹೆಸರನ್ನು ಇಂಥ ಕೆಲಸಕ್ಕೆ ಬಳಸಬಹುದೇ ಎಂದು ನಾನು ಬಹಳ ಯೋಚಿಸಿದೆ. ಮಠದ ಸ್ವಾಮಿಗಳಾದ ಅಜ್ಜನವರನ್ನೂ ಕೇಳಿದೆ. ಹಣ್ಣಾದ ಜೀವ ಅವರದು, ಕಣ್ಣು ಅರ್ಧ ಮುಚ್ಚಿಕೊಂಡೇ ಇರುತ್ತಾರೆ. “ಬುದ್ಧೀ, ಪ್ರಾರ್ಥನಾ ಎಷ್ಟೊತ್ತು ಮಾಡಬೇಕಂತ ಶಾಸ್ತ್ರ ಐತೇನ್ರಿ?” ಅಂದೆ. ಅವರು ನನ್ನನ್ನು ನೋಡಿದರು. ತಮ್ಮ ಮೊಣಕಾಲನ್ನು ಮುಟ್ಟಿಕೊಂಡರು. ಅವರೂ ದಿನ ಬೆಳಗಾದರೆ ಬಯಲಿಗೆ ಬಂದು ಬಿಸಿಲಿಗೆ ಕಾಲು ಚಾಚುವವರೇ. “ಮನಸ್ಸು ತುಂಬೂತನಕಾ ಮಾಡಬೇಕವಾ,” ಅಂದರು.

ಸೋಮವಾರ ಬಯಲಿನ ಉಳಿದರ್ಧದ ಒಂದು ಬದಿಗೆ ವೇದಿಕೆ ಹಾಕಿದ್ದರು. ಮುಂದೆ ಬಟಾಬಯಲು, ಅಲ್ಲಿ ಜನ. ಹಾರ, ತುರಾಯಿ, ಅಡಿವೆಪ್ಪ ಸೈಕಲ್ ಹಿಡಿದು ನಿಂತ ಹಳೆಯ ಚಿತ್ರದ ಆಳೆತ್ತರದ ಫಲಕ. ಕಾರು ವೇದಿಕೆಯ ಪಕ್ಕದಲ್ಲೇ ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿತ್ತು. ಕಲ್ಮೇಶ ಮೈಕಿನಲ್ಲಿ, “ಈಗ ನೀಲಗಂಗವ್ವನವರಿಂದ ಪ್ರಾರ್ಥನೆ, ಎಲ್ಲರೂ ಎದ್ದು ನಿಲ್ಲಬೇಕು,” ಎಂದ. ಎಲ್ಲರೂ ಎದ್ದರು. ಅಡಿವೆಪ್ಪ ಕೈಮುಗಿದು ಕಣ್ಣು ಮುಚ್ಚಿದ.

ನಾನು ಗಣಪನಿಂದ ಸುರು ಮಾಡಿದೆ. ಗಣಪನ ಪದ ಮುಗಿದ ಉಸಿರಿನಲ್ಲೇ ಗುರುವಿನ ಪದ ಎತ್ತಿಕೊಂಡೆ. ಅಡಿವೆಪ್ಪ ಕಣ್ಣು ತೆರೆದು, ಮತ್ತೆ ಮುಚ್ಚಿದ. ಗುರುವಿನಿಂದ ಶಿವ, ಶಿವನಿಂದ ಅವನ ಮಡದಿ, ಮಡದಿಯಿಂದ ಹಿರಿಮಗ ಕಿರಿಮಗ, ಆಮೇಲೆ ನಂದಿ. ಕಲ್ಮೇಶ ಪಕ್ಕಕ್ಕೆ ಬಂದು ಗಡಿಯಾರ ತೋರಿಸಿದ. ನಾನು ಕಣ್ಣು ಮುಚ್ಚಿದೆ. ದನಿ ಕಟ್ಟತೊಡಗಿದಾಗ ಕೆಳಗಿನಿಂದ ಹಪ್ಪಳದ ಹೆಂಗಸರು ಪಲ್ಲವಿ ಹಿಡಿದುಕೊಂಡರು. ಆಮೇಲೆ ಹಸೀನಾಬಿ ಮೊಹರಂ ಪದ ಎತ್ತಿದಳು. ಮಡಿದವರ ಪದ ಅದು, ಅದರ ನಡುವೆ ಕೂರುವವರು ನಮ್ಮ ಊರಲ್ಲಿ ಯಾರೂ ಇಲ್ಲ. ಜನ ತಲೆಬಾಗಿ ನಿಂತೇ ಇದ್ದರು. ಬಿಸಿಲು ಏರಿತು. ಯಾರೂ ನೆರಳಿಗೆ ಸರಿಯಲಿಲ್ಲ. ಮುದುಕರು ಪಂಚೆ ಎತ್ತಿ ಮೊಣಕಾಲಿಗೆ ಬಿಸಿಲು ಕೊಟ್ಟುಕೊಂಡು ನಿಂತಿದ್ದರು.

ಕಲ್ಮೇಶ ಮೈಕಿನ ತಂತಿಗೆ ಕೈ ಹಾಕಿದ. ವೇದಿಕೆಯ ಮೇಲಿದ್ದ ಅಜ್ಜನವರು ಕಣ್ಣು ಬಿಡದೆಯೇ ಕೈ ಎತ್ತಿ, “ಹುಂ,” ಎಂದರು. ತೊಡೆಯ ಮೇಲೆ ತಾಳ ಹಾಕುತ್ತಿದ್ದ ಇನ್ನೊಂದು ಕೈ ನಿಲ್ಲಲಿಲ್ಲ. ಅಡಿವೆಪ್ಪನ ಜೇಬಿನಲ್ಲಿ ಫೋನು ನಡುಗಿತು. ಮತ್ತೆ ನಡುಗಿತು. ಕೈಮುಗಿದವನು ಅದನ್ನು ತೆಗೆಯುವಂತಿರಲಿಲ್ಲ. ಅವನ ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು. ಇಪ್ಪತ್ತೈದು ವರ್ಷಗಳಲ್ಲಿ ಮೊದಲ ಸಲ ಅವನು ನಮ್ಮ ಜೊತೆ, ನಮ್ಮಷ್ಟೇ ಹೊತ್ತು, ಏನೂ ಹೇಳದೆ ನಿಂತಿದ್ದ. ಹಾಡುತ್ತಿದ್ದ ನನಗೆ ಅವನ ಮೇಲೆ ಕರುಣೆ ಬರಬೇಕಾಗಿತ್ತು. ಬರಲಿಲ್ಲ. ಪದದ ಒಂದೊಂದು ನುಡಿಯೂ ಸಿಟ್ಟಿನಿಂದ ಹೊಳಪು ಪಡೆದು ಹೊರಬರುತ್ತಿತ್ತು, ಇಂಥ ಭಕ್ತಿಯನ್ನು ನಾನು ಯಾವ ಶಿವರಾತ್ರಿಯಲ್ಲೂ ಕಂಡಿರಲಿಲ್ಲ.

ಹೊತ್ತು ನೆತ್ತಿಗೆ ಬಂದಾಗ ಕಲ್ಮೇಶ ಅವನ ಕಿವಿಯಲ್ಲಿ ಹೇಳಿದ್ದು ಮೈಕಿಗೆ ಬಿತ್ತು: “ಸಾಹೇಬ್ರ, ಇನ್ನ ನಿಂತ್ರ ಅಲ್ಲೆ ಪಟ್ಟಿ ಓದಿಬಿಡ್ತಾರ್ರಿ.” ಅಡಿವೆಪ್ಪ ನನ್ನನ್ನು ನೋಡಿದ, ಜನರನ್ನು ನೋಡಿದ, ಕಿರೀಟದ ಪೆಟ್ಟಿಗೆಯನ್ನು ನೋಡಿದ. ಮೈಕಿನ ಕಡೆಗೆ ಒಂದು ಹೆಜ್ಜೆ ಇಟ್ಟ. ನಾನು ದನಿ ಏರಿಸಿದೆ, ಇಡೀ ಬಯಲು ದನಿ ಏರಿಸಿತು. ಅವನು ಎತ್ತಿದ ಕೈಯನ್ನು ತಿರುಗಿ ಮುಗಿದು, ಜನರಿಗೆ ಒಂದು ಸುತ್ತು ನಮಸ್ಕಾರ ಮಾಡಿ, ಮಾತಿಲ್ಲದೆ ಮೆಟ್ಟಿಲು ಇಳಿದ.

ಕೆಳಗೆ ರೇಣವ್ವ ಮಗಳನ್ನು ಎದೆಗವುಚಿಕೊಂಡು ಕುಸಿದು ಕುಳಿತಳು. ನಾನು ಪದ ನಿಲ್ಲಿಸಿದೆ. ಗಂಟಲಿನಲ್ಲಿ ರಕ್ತದ ರುಚಿ. ವೇದಿಕೆ ಇಳಿದು ಬಿಸಿಲಿಗೆ ಬಂದೆ. ನೆಲದ ಬಂಡೆ ಅಂಗಾಲನ್ನು ಸುಡುತ್ತಿತ್ತು. ಆ ಸುಡುವಿಕೆಯಷ್ಟು ಒಳ್ಳೆಯದು ಬೇರೊಂದಿಲ್ಲ ಅನ್ನಿಸಿತು.

ಕಾರಿನ ಬಾಗಿಲು ಹಿಡಿದಿದ್ದ ಅಡಿವೆಪ್ಪ ತಿರುಗಿ ನೋಡಿದ. ಬಾಗಿಲು ಬಿಟ್ಟು ನನ್ನ ಕಡೆಗೆ ನಡೆದು ಬಂದ. ಬೈಯಲು ಬಂದನೆಂದುಕೊಂಡೆ. ಬೈದರೆ ನೆರಳಿಲ್ಲ, ಬೈಯಲಿ. ಆದರೆ ಅವನು ಬಾಗಿ ನನ್ನ ಪಾದ ಮುಟ್ಟಿದ. ಎದ್ದಾಗ ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

“ಏನ್ ಹಾಡಿದ್ರಿ ನೀಲಕ್ಕ! ಜೀವ ತಂಪಾತು. ಸೌಧದ ಮಾತು ಹೋಗಲಿ ಬಿಡ್ರಿ, ಮುಂದ ನೋಡೂಣು. ಆದರ ಇಷ್ಟು ಹಾಡಿದವರನ್ನ ನಾ ಬರಿಗೈಲೆ ಬಿಟ್ಟು ಹೋಗೂದಿಲ್ಲ. ಇದ ಜಾಗಾದಾಗ, ನಿಮ್ಮ ಹೆಸರಿಲೆ, ಒಂದು ದೊಡ್ಡ ಭಜನಾ—”

ನನ್ನ ಬಲಗೈ ಎದ್ದು ಹೋಗಿ ಅವನ ಬಾಯಿಯ ಮೇಲೆ ಕುಳಿತಿತು.

ನಾನು ಎಂದೂ ಯಾರ ಮೇಲೂ ಕೈಮಾಡಿದವಳಲ್ಲ. ಆದರೆ ಹಿಟ್ಟು ನಾದಿದ ಕೈ ಅದು, ಅದಕ್ಕೆ ಹಿಡಿಯುವುದು ಗೊತ್ತು. ಅವನು ಹೆಜ್ಜೆ ಹೆಜ್ಜೆ ಹಿಂದೆ ಸರಿದ, ತಲೆ ಹೋಗಿ ಕಾರಿನ ಗಾಜಿಗೆ ತಾಗಿತು. ನಾನು ಇನ್ನಷ್ಟು ಒತ್ತಿದೆ. ಕಲ್ಮೇಶ “ಏಯ್ ಮುದುಕೀ!” ಎಂದು ಕೂಗಿಕೊಂಡ. ಪೊಲೀಸಿನವರು ಓಡಿ ಬಂದರು. ಹಸೀನಾಬಿ ಅವರಿಗೆ ಅಡ್ಡವಾಗಿ ನಿಂತು, ತನ್ನ ಕೈಯನ್ನು ನನ್ನ ಕೈಯ ಮೇಲೆ ಇಟ್ಟು ಬಿಗಿ ಹಿಡಿದಳು. ಎಲ್ಲರೂ ಕೆಳಗೆ ನೋಡುತ್ತಿದ್ದರು. ನಾನೂ ನೋಡಿದೆ. ಅವನ ಬೂಟಿನ ಮುಂದೆ, ಬಿಸಿಲ ಬಂಡೆಯ ಮೇಲೆ, ಗೇಣುದ್ದದ ಒಂದು ಕಪ್ಪು ಅಂಚು ಹೊರಟು, ಮುಂದೆ ಹರಿಯಲು ದಾರಿ ಸಿಗದೆ ತಡಬಡಿಸುತ್ತಿತ್ತು.

“ಸಾಕು ತಮ್ಮಾ,” ಅಂದೆ. “ನಮಗ ಭಾಳ ಕೊಟ್ಟಿ. ಸಾಕು.”

ಅವನು ನನ್ನನ್ನು ನೋಡಿದ. ಸಿಟ್ಟಿರಲಿಲ್ಲ ಆ ಕಣ್ಣಲ್ಲಿ. ತಾನು ಮಾಡಿದ್ದರಲ್ಲಿ ತಪ್ಪೇನಿದೆ ಎಂದು ಕೇಳುವ ಕಣ್ಣು ಅದು. ನನ್ನ ಅಂಗೈಯ ಕೆಳಗೆ ಅವನ ತುಟಿಗಳು ಇನ್ನೂ ಆಡುತ್ತಿದ್ದವು. ಬಿಸಿಯಾಗಿ, ಒದ್ದೆಯಾಗಿ, ಬಿಡದೆ, ಏನನ್ನೋ ಕೊಡುತ್ತಲೇ ಇದ್ದವು.

ನಾನು ಕೈ ತೆಗೆಯಲಿಲ್ಲ.